ಆ ಕಡೆಯ ಕಂಪ್ಯೂಟರ್ ಯಾವ ಕಾಲದ್ದು?

ಹೋದ ವರ್ಷದ ಆಗಸ್ಟ್‌ನಿಂದ ನಮ್ಮ ಕನ್ನಡ ಸಂಘದ ಐದಾರು ಜನ ಪ್ರತಿ ಶನಿವಾರ ಒಂದು ಕೆಲಸ ಮಾಡ್ತಾ ಬಂದಿದ್ದೀವಿ. ಸಿರಾ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯ ಹತ್ತನೇ ತರಗತಿ ಮಕ್ಕಳಿಗೆ ವಿಡಿಯೋ ಕಾಲ್‌ನಲ್ಲಿ ಗಣಿತ, ವಿಜ್ಞಾನದ ಡೌಟ್ ಹೇಳಿಕೊಡೋದು. ದೊಡ್ಡ ಸಮಾಜಸೇವೆ ಏನಲ್ಲ. ನಮ್ಮಲ್ಲೇ ಒಬ್ಬ ಆ ಶಾಲೆಯಲ್ಲಿ ಓದಿದವನು, ಅಲ್ಲಿನ ಗಣಿತದ ಮೇಡಂ ಕೇಳಿದ್ರು, ನಾವು ಹೂಂ ಅಂದ್ವಿ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮಕ್ಕಳು ಬಿಸಿಯೂಟ ಮುಗಿಸಿ ಕಂಪ್ಯೂಟರ್ ಕೋಣೆಗೆ ಬರ್ತಾರೆ. ನಾವು ಹಾಸ್ಟೆಲ್‌ನ ಓದುವ ಕೋಣೆಯಲ್ಲಿ ಒಂದು ಲ್ಯಾಪ್‌ಟಾಪ್, ಒಂದು ಬಿಳಿ ಹಲಗೆ ಇಟ್ಕೊಂಡು ಕೂರ್ತೀವಿ.

ಆ ಕೋಣೆಯಲ್ಲಿ ಐದು ಕಂಪ್ಯೂಟರ್ ಇದ್ದಾವೆ, ನಡೆಯೋದು ಎರಡು. ಅದರಲ್ಲಿ ಚೆನ್ನಾಗಿರೋದು ಹಳೆ ವಿದ್ಯಾರ್ಥಿಗಳು ಕೊಟ್ಟಿದ್ದು. ಪೆಂಟಿಯಂ ಡ್ಯುಯಲ್ ಕೋರ್, 2 ಜಿಬಿ ರ‍್ಯಾಮ್, ವಿಂಡೋಸ್ 7. ಮೇಲೆ ಕೂರಿಸಿರೋ ವೆಬ್‌ಕ್ಯಾಮ್ ಮೇಡಂ ಸ್ವಂತ ದುಡ್ಡಲ್ಲಿ ತಂದಿದ್ದು. ಚಿತ್ರ ಸ್ವಲ್ಪ ಬೂದು ಬೂದು, ಆದ್ರೆ ಮಕ್ಕಳ ಮುಖ ಕಾಣುತ್ತೆ, ಅವರಿಗೆ ನಮ್ಮ ಹಲಗೆ ಕಾಣುತ್ತೆ. ಮೂರು ತಿಂಗಳು ಹೀಗೇ ನಡೀತು.

ನವೆಂಬರ್‌ನ ಒಂದು ಶನಿವಾರ ಆ ಕಡೆಯಿಂದ ಯಾರೂ ಸೇರಲಿಲ್ಲ. ಹತ್ತು ನಿಮಿಷ ಕಾದ್ವಿ. ಆಮೇಲೆ ಮೇಡಂ ಫೋನ್ ಬಂತು. "ಏನಪ್ಪಾ ಇದು, ಅಪ್‌ಡೇಟ್ ಮಾಡಿ ಅಂತಿದೆ. ಮಾಡೋಣ ಅಂತ ಒತ್ತಿದ್ರೆ, ನಿಮ್ಮ ಕಂಪ್ಯೂಟರಿಗೆ ಆಗಲ್ಲ ಅಂತಿದೆ. ಏನ್ ಮಾಡ್ಲಿ ಹೇಳು?"

ನಮ್ಮಲ್ಲಿ ಒಬ್ಬ, ಯಾರು ಅಂತ ಹೇಳಲ್ಲ, ಥಟ್ಟನೆ ಹೇಳಿಬಿಟ್ಟ: "ಮೇಡಂ, ವಿಂಡೋಸ್ ಹೊಸದು ಹಾಕಿಸಿಬಿಡಿ, ಸರಿಹೋಗುತ್ತೆ." ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಹಾಕಿಸೋಕೆ ಯಾರು ಬರ್ತಾರಪ್ಪ ಇಲ್ಲಿಗೆ?" ಅಂದ್ರು. ಅವತ್ತಿನ ಪಾಠ ಮೇಡಂ ಫೋನ್‌ನಲ್ಲೇ ಆಯ್ತು. ಇಪ್ಪತ್ತೆಂಟು ಮಕ್ಕಳು ಒಂದು ಅಂಗೈ ಅಗಲದ ಪರದೆಯ ಸುತ್ತ ನಿಂತಿದ್ರು. ಎತ್ತರ ಮತ್ತು ದೂರದ ಲೆಕ್ಕ, ತ್ರಿಕೋನಮಿತಿ. ಹಿಂದೆ ನಿಂತಿದ್ದ ಒಬ್ಬ ಹುಡುಗಿ ಮೂರು ಸಲ ಕೇಳಿದ್ಳು, "ಅಕ್ಕ, ಆ ಕೋನ ಎಲ್ಲಿ ಬರುತ್ತೆ, ಕಾಣ್ತಿಲ್ಲ." ನಮ್ಮ ಅಕ್ಕ ಮೂರು ಸಲಾನೂ ಹಲಗೆ ಮೇಲೆ ದೊಡ್ಡದಾಗಿ ಬರೆದಳು. ಹಲಗೆ ಎಷ್ಟು ದೊಡ್ಡದಾದ್ರೂ ಆ ಕಡೆ ಪರದೆ ಅಷ್ಟೇ ತಾನೆ!

ಅವತ್ತು ರಾತ್ರಿ ಮೆಸ್‌ನಲ್ಲಿ ಕೂತು ನಾವು ಮೊದಲು ಆ ಆ್ಯಪ್ ಮಾಡಿದವರನ್ನ ಚೆನ್ನಾಗಿ ಬೈದ್ವಿ. ಬೈದಾದ ಮೇಲೆ, ಇದು ಯಾಕೆ ಹೀಗಾಗುತ್ತೆ ಅಂತ ಹುಡುಕೋಕೆ ಕೂತ್ವಿ. ಈ ಬರಹ ಆ ಹುಡುಕಾಟದ್ದು. ನಮ್ಮ ಅಭಿಪ್ರಾಯವನ್ನ ಮೊದಲೇ ಹೇಳಿಬಿಡ್ತೀವಿ: ಹಳೆ ಕಂಪ್ಯೂಟರನ್ನ ಕೈಬಿಡೋದಕ್ಕೆ ನಿಜವಾದ ಕಾರಣಗಳಿವೆ, ಆದ್ರೆ ಕೈಬಿಡುವ ರೀತಿಗೆ ಯಾವ ಕಾರಣವೂ ಇಲ್ಲ.

ಒಂದು ವಿಷಯ ಗಮನಿಸಿ. ಅದೇ ಕಂಪ್ಯೂಟರ್‌ನಲ್ಲಿ ನುಡಿ ತಂತ್ರಾಂಶ ನಡೀತಿದೆ. ಹಳೆ ಆಫೀಸ್‌ನಲ್ಲಿ ಅಂಕಪಟ್ಟಿ ಆಗ್ತಿದೆ. ಪ್ರಿಂಟರ್ ಕೂಡ ಮನಸ್ಸು ಬಂದಾಗ ಓಡುತ್ತೆ. ಹತ್ತು ಹದಿನೈದು ವರ್ಷದ ಹಿಂದಿನ ತಂತ್ರಾಂಶ ಇವತ್ತೂ ಮೊದಲ ದಿನದಷ್ಟೇ ಚೆನ್ನಾಗಿ ಕೆಲಸ ಮಾಡ್ತಿದೆ, ಯಾಕಂದ್ರೆ ತಂತ್ರಾಂಶ ತುಕ್ಕು ಹಿಡಿಯಲ್ಲ. ವಿಡಿಯೋ ಕಾಲ್ ಮಾತ್ರ ಬೇರೆ ಜಾತಿ. ಅದು ನಿಮ್ಮ ಕಂಪ್ಯೂಟರ್ ಒಳಗೆ ಮುಗಿಯೋ ಕೆಲಸ ಅಲ್ಲ. ಈ ಕಡೆ ಒಬ್ಬರು, ಆ ಕಡೆ ಒಬ್ಬರು, ನಡುವೆ ಕಂಪನಿಯ ಸರ್ವರ್, ಮೂವರಿಗೂ ಒಂದೇ ಭಾಷೆ ಬರಬೇಕು. ಭಾಷೆ ಬದಲಿಸೋ ಅಧಿಕಾರ ಮಾತ್ರ ನಡುವಿನವನದ್ದು. ಅವನು ಒಂದು ಬೆಳಿಗ್ಗೆ "ಇನ್ನು ಮುಂದೆ ಇಷ್ಟನೇ ಆವೃತ್ತಿಗಿಂತ ಕೆಳಗಿನವರ ಜೊತೆ ನಾನು ಮಾತಾಡಲ್ಲ" ಅಂದ್ರೆ, ಶಾಲೆಯ ಕಂಪ್ಯೂಟರ್ ಕೆಡದೇನೆ ಕೆಟ್ಟುಹೋಗುತ್ತೆ.

ನಡುವಿನವನು ಹಾಗೆ ಯಾಕೆ ಅಂತಾನೆ? ಇಲ್ಲಿ ಕಥೆ ಸ್ವಲ್ಪ ಉದ್ದ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬಳಕೆದಾರರಿಗೆ ಕೊಡ್ತಿದ್ದ ಬೆಂಬಲ 2020ರ ಜನವರಿ 14ಕ್ಕೆ ಮುಗೀತು. ದುಡ್ಡು ಕೊಟ್ಟ ಸಂಸ್ಥೆಗಳಿಗೆ ಇನ್ನೂ ಮೂರು ವರ್ಷ ಭದ್ರತಾ ಅಪ್‌ಡೇಟ್ ಸಿಕ್ತು, ಅದೂ 2023ರ ಜನವರಿಗೆ ಕೊನೆ. ಅದನ್ನೇ ಕಾಯ್ತಿದ್ದ ಹಾಗೆ ಕ್ರೋಮ್ ಬ್ರೌಸರ್ ಕೂಡ ಕೈಬಿಡ್ತು. ವಿಂಡೋಸ್ 7ರಲ್ಲಿ ಓಡೋ ಕೊನೆಯ ಕ್ರೋಮ್ 109. ಮುಂದಿನ 110ಕ್ಕೆ ವಿಂಡೋಸ್ 10 ಬೇಕೇ ಬೇಕು. ಸರಿ, ಬ್ರೌಸರ್ ಹೋಯ್ತು, ಬೇರೆ ಆ್ಯಪ್‌ಗಳಿಗೇನು ಅಂತ ಕೇಳಬಹುದು. ಅಲ್ಲೇ ಇರೋದು ಗುಟ್ಟು. ಇವತ್ತಿನ ಎಷ್ಟೋ ಡೆಸ್ಕ್‌ಟಾಪ್ ಆ್ಯಪ್‌ಗಳು ಎಲೆಕ್ಟ್ರಾನ್ ಅನ್ನೋ ಚೌಕಟ್ಟಿನ ಮೇಲೆ ಕಟ್ಟಿದವು. ಎಲೆಕ್ಟ್ರಾನ್ ಅಂದ್ರೆ ಸರಳವಾಗಿ, ಕ್ರೋಮ್‌ನ ಒಳಗಿನ ಇಂಜಿನ್ ಆದ ಕ್ರೋಮಿಯಂ ಅನ್ನು ಒಂದು ಡಬ್ಬಿಯಲ್ಲಿಟ್ಟು ಅದಕ್ಕೆ ಆ್ಯಪ್‌ನ ಬಣ್ಣ ಬಳಿಯೋದು. ಕ್ರೋಮಿಯಂ ವಿಂಡೋಸ್ 7 ಬಿಟ್ಟ ಕೂಡಲೇ ಎಲೆಕ್ಟ್ರಾನ್ 23 ಕೂಡ ಬಿಡ್ತು. ಎಲೆಕ್ಟ್ರಾನ್ ಬಿಟ್ಟ ಮೇಲೆ ಅದರ ಮೇಲೆ ನಿಂತ ಆ್ಯಪ್‌ಗಳೂ ಒಂದೊಂದಾಗಿ ಬಿಡ್ತಾ ಬಂದ್ವು. ಆಟಗಳ ಅಂಗಡಿ ಸ್ಟೀಮ್ ಕೂಡ 2024ರ ಜನವರಿ 1ರಿಂದ ವಿಂಡೋಸ್ 7 ನಿಲ್ಲಿಸಿದಾಗ ಕೊಟ್ಟ ಮುಖ್ಯ ಕಾರಣ, ನಮ್ಮೊಳಗಿರೋ ಕ್ರೋಮ್ ಭಾಗ ಹಳೆ ವಿಂಡೋಸ್‌ನಲ್ಲಿ ಓಡಲ್ಲ ಅಂತ. ಊರಿಗೆಲ್ಲ ಒಂದೇ ಬಾವಿ ಇದ್ದ ಹಾಗೆ. ಬಾವಿಯ ಹಗ್ಗ ಯಾರ ಕೈಯಲ್ಲಿದೆಯೋ ಅವರು ತೀರ್ಮಾನ ಮಾಡ್ತಾರೆ, ಮಿಕ್ಕ ಮನೆಯವರು "ನಾವೇನು ಮಾಡೋದು, ನೀರೇ ಬರ್ತಿಲ್ಲ" ಅಂತಾರೆ. ಅವರು ಹೇಳೋದೂ ನಿಜವೇ.

ಎರಡನೇದು ಗೂಢಲಿಪಿ. ಕಾಲ್ ಶುರುವಾಗೋ ಮುಂಚೆ ಎರಡೂ ಕಡೆ ಟಿಎಲ್‌ಎಸ್ ಅನ್ನೋ ಒಪ್ಪಂದದಲ್ಲಿ ಕೈಕುಲುಕಬೇಕು. ಅದರ 1.0 ಮತ್ತು 1.1 ಆವೃತ್ತಿಗಳನ್ನ ಐಇಟಿಎಫ್ 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ಕೈಬಿಡ್ತು. ವಿಂಡೋಸ್ ಎಕ್ಸ್‌ಪಿಗೆ ತಾನಾಗಿ ಬರೋದು 1.0 ಮಾತ್ರ. ಅಂದ್ರೆ ಅದು ಚಾಚೋ ಕೈಯನ್ನ ಇವತ್ತು ಯಾರೂ ಹಿಡಿಯಲ್ಲ. ವಿಂಡೋಸ್ 7ಕ್ಕೆ 1.2 ಗೊತ್ತು, ಆದ್ರೆ ಎಷ್ಟೋ ಕಡೆ ಅದು ತಾನಾಗಿ ಆನ್ ಆಗಿರಲ್ಲ. ಇದರ ಜೊತೆಗೆ ಪ್ರಮಾಣಪತ್ರಗಳ ಕಾಟ. ಪ್ರತಿ ಸಾಧನದಲ್ಲೂ "ಇವರನ್ನ ನಂಬು" ಅನ್ನೋ ಒಂದು ಪಟ್ಟಿ ಇರುತ್ತೆ, ಆ ಪಟ್ಟಿಯ ಹೆಸರುಗಳಿಗೆ ಕೊನೆ ದಿನಾಂಕವೂ ಇರುತ್ತೆ. ಲೆಟ್ಸ್ ಎನ್‌ಕ್ರಿಪ್ಟ್ ಆಧರಿಸಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರ 2021ರ ಸೆಪ್ಟೆಂಬರ್ 30ಕ್ಕೆ ಮುಗಿದಾಗ, ಅಪ್‌ಡೇಟ್ ಕಾಣದ ಎಷ್ಟೋ ಹಳೆ ಫೋನು, ಕಂಪ್ಯೂಟರ್‌ಗಳು ಹಿಂದಿನ ದಿನದವರೆಗೂ ತೆಗೀತಿದ್ದ ತಾಣಗಳನ್ನ ತೆಗೆಯೋದು ನಿಲ್ಲಿಸಿದ್ವು.

ಮೂರನೇದು ಯಂತ್ರದ ಶಕ್ತಿ. ವಿಡಿಯೋವನ್ನ ಕುಗ್ಗಿಸೋ ವಿಧಾನಗಳು ದಿನೇ ದಿನೇ ಜಾಣವಾಗ್ತಿವೆ. 2003ರ ಎಚ್.264 ಆದ ಮೇಲೆ 2013ರಲ್ಲಿ ವಿಪಿ9, 2018ರಲ್ಲಿ ಎವಿ1 ಬಂತು. ಡೇಟಾ ಕಡಿಮೆ ತಿಂತಾವೆ, ಆದ್ರೆ ಪ್ರೊಸೆಸರ್ ಜಾಸ್ತಿ ತಿಂತಾವೆ. ಹೊಸ ಯಂತ್ರದಲ್ಲಿ ಅದಕ್ಕೆ ಅಂತಲೇ ಪ್ರತ್ಯೇಕ ಚಿಪ್ ಭಾಗ ಇರುತ್ತೆ, ಹಳೇದರಲ್ಲಿ ಎಲ್ಲ ಭಾರ ಬಡಪಾಯಿ ಪ್ರೊಸೆಸರ್ ತಲೆ ಮೇಲೆ. ಅದರ ಮೇಲೆ ಹಿನ್ನೆಲೆ ಮಸುಕು ಮಾಡೋದು, ಮುಖಕ್ಕೆ ಕನ್ನಡಕ ಹಾಕೋದು ಬೇರೆ. ಇಲ್ಲೂ ಒಂದು ಮಾತು ಹೇಳಬೇಕು. ಈ ಶೋಕಿಗಳು ಹಳೆ ಯಂತ್ರಕ್ಕೆ ಬೇಕಿಲ್ಲ. ತ್ರಿಕೋನ ಕಾಣಿಸಿದ್ರೆ ಸಾಕು.

ಇನ್ನು ಒಪ್ಪಲೇಬೇಕಾದ ಭಾಗ. ಭದ್ರತೆ ನೆಪ ಅಲ್ಲ. 2017ರ ಮೇ 12ರಂದು ವನ್ನಾಕ್ರೈ ಹಬ್ಬಿದಾಗ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕಂಪ್ಯೂಟರ್‌ಗಳು ಬೀಗ ಬಿದ್ದು, ರೋಗಿಗಳನ್ನ ಬೇರೆ ಕಡೆ ಕಳಿಸಬೇಕಾಯ್ತು. ಸಿಕ್ಕಿಬಿದ್ದ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 7. ಅದಕ್ಕೆ ತೇಪೆ ಎರಡು ತಿಂಗಳ ಮುಂಚೆಯೇ ಬಂದಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೆ. ಬೆಂಬಲ ಮುಗಿದು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಆವಾಗ ಮೈಕ್ರೋಸಾಫ್ಟ್ ತುರ್ತಾಗಿ ತೇಪೆ ಕೊಡ್ತು. ಅಂದಮೇಲೆ ಕ್ಯಾಮೆರಾ, ಮೈಕು ತೆರೆಯೋ ಒಂದು ಆ್ಯಪ್, ತೇಪೆ ಇಲ್ಲದ ವ್ಯವಸ್ಥೆಯಲ್ಲಿ, ಅದೂ ಮಕ್ಕಳ ಶಾಲೆಯಲ್ಲಿ ಓಡೋದು ಬೇಡ ಅಂದ್ರೆ ಅದನ್ನ ತಳ್ಳಿಹಾಕೋಕೆ ಆಗಲ್ಲ.

ಆದ್ರೆ ಎಲ್ಲ ಸಲಾನೂ ಕಾರಣ ಇಷ್ಟು ಶುದ್ಧವಾಗಿರುತ್ತಾ? 2014ರ ಏಪ್ರಿಲ್‌ನಲ್ಲಿ ಐಓಎಸ್ 6 ಇದ್ದ ಐಫೋನ್‌ಗಳಲ್ಲಿ ಫೇಸ್‌ಟೈಮ್ ಒಂದೇ ದಿನ ಸತ್ತುಹೋಯ್ತು. ಒಳಗಿದ್ದ ಒಂದು ಪ್ರಮಾಣಪತ್ರದ ಅವಧಿ ಮುಗಿದಿತ್ತು. ಪರಿಹಾರ ಒಂದೇ, ಐಓಎಸ್ 7ಕ್ಕೆ ಹೋಗಿ. ಐಫೋನ್ 4 ಇದ್ದವರಿಗೆ ಆ ಅಪ್‌ಡೇಟ್ ಹಾಕಿದ್ರೆ ಫೋನ್ ಆಮೆಯಾಗ್ತಿತ್ತು. ಆಮೇಲೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಳಕೆದಾರರು ಮೊಕದ್ದಮೆ ಹೂಡಿದ್ರು. ಅವರ ಆರೋಪ ಹೀಗಿತ್ತು: 2012ರಲ್ಲಿ ಒಂದು ಪೇಟೆಂಟ್ ತೀರ್ಪು ವಿರುದ್ಧ ಬಂದಮೇಲೆ ಆಪಲ್ ಕಾಲ್‌ಗಳನ್ನ ಫೋನಿಂದ ಫೋನಿಗೆ ನೇರವಾಗಿ ಕಳಿಸೋ ಬದಲು ನಡುವಿನ ರಿಲೇ ಸರ್ವರ್ ಮೂಲಕ ಕಳಿಸಬೇಕಾಯ್ತು, ಅದಕ್ಕೆ ತುಂಬ ಖರ್ಚಾಗ್ತಿತ್ತು, ಆ ಖರ್ಚು ಉಳಿಸೋಕೆ ಬೇಕಂತಲೇ ಹಳೆ ಐಓಎಸ್‌ನಲ್ಲಿ ಫೇಸ್‌ಟೈಮ್ ಮುರಿದ್ರು ಅಂತ. 2020ರಲ್ಲಿ 1.8 ಕೋಟಿ ಡಾಲರ್‌ಗೆ ರಾಜಿ ಆಯ್ತು. ರಾಜಿ ಅಂದ್ರೆ ತಪ್ಪು ಸಾಬೀತಾದ ಹಾಗಲ್ಲ, ಅದೂ ನ್ಯಾಯವೇ. ಆದ್ರೆ "ನಿಮ್ಮ ಒಳ್ಳೇದಕ್ಕೇ ಅಪ್‌ಡೇಟ್ ಮಾಡಿ" ಅನ್ನೋ ಪ್ರತಿ ಸಂದೇಶವನ್ನೂ ನಾವು ಅದೇ ಕಣ್ಣಿನಿಂದ ನೋಡೋಕೆ ಶುರು ಮಾಡಿದ್ದು ಈ ಮೊಕದ್ದಮೆ ಓದಿದ ಮೇಲೆ.

ಹಳೆ ಓಎಸ್ ಸಾಯೋದು ಒಂದು ಕಡೆ, ಆ್ಯಪೇ ಸಾಯೋದು ಇನ್ನೊಂದು ಕಡೆ. 2003ರಲ್ಲಿ ಹುಟ್ಟಿದ ಸ್ಕೈಪ್ 2025ರ ಮೇ 5ಕ್ಕೆ ಬಾಗಿಲು ಹಾಕ್ತು. ಅಮೆರಿಕದಲ್ಲಿರೋ ಮಗಳ ಮುಖ ನೋಡೋಕೆ ಅಂತಲೇ ಡೆಸ್ಕ್‌ಟಾಪ್ ಕೊಂಡು, ಮೌಸ್ ಹಿಡಿಯೋದು ಕಲಿತ ಅಜ್ಜ ಅಜ್ಜಿಯರು ನಮ್ಮ ಜಯನಗರ, ಸರಸ್ವತಿಪುರಂಗಳಲ್ಲಿ ಎಷ್ಟು ಜನ ಇದ್ರು! ಅವರಿಗೆ ಕಂಪ್ಯೂಟರ್ ಅಂದ್ರೆ ಸ್ಕೈಪೇ ಆಗಿತ್ತು.

ಈಗ ನಮ್ಮದೇ ಒಂದು ಕಥೆ ಹೇಳದೇ ಇದ್ರೆ ಈ ಬರಹ ಪ್ರಾಮಾಣಿಕ ಆಗಲ್ಲ. ಎರಡು ವರ್ಷದ ಹಿಂದೆ ರಾಜ್ಯೋತ್ಸವಕ್ಕೆ ನಮ್ಮ ಸಂಘವೇ ಒಂದು ಆ್ಯಪ್ ಮಾಡಿತ್ತು. ಊಟದ ಕೂಪನ್, ಕಾರ್ಯಕ್ರಮದ ವೇಳಾಪಟ್ಟಿ, ರಸಪ್ರಶ್ನೆ, ಎಲ್ಲ ಅದರಲ್ಲೇ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡುವಾಗ ಕನಿಷ್ಠ ಯಾವ ಆಂಡ್ರಾಯ್ಡ್ ಬೇಕು ಅಂತ ಕೇಳುತ್ತೆ. ನೀವೂ ನೋಡಿರ್ತೀರಿ. ನಾವು ಆರಿಸೋ ಸಂಖ್ಯೆಗೆ ತಕ್ಕಂತೆ, ಶೇಕಡಾ ಇಷ್ಟು ಸಾಧನಗಳಲ್ಲಿ ಓಡುತ್ತೆ ಅಂತ ಕೆಳಗೆ ಒಂದು ಸಾಲು ಬರುತ್ತೆ. ನಾವು ಆಂಡ್ರಾಯ್ಡ್ 8 ಆರಿಸಿದ್ವಿ. ಯಾಕೆ? ಒಂದು ಲೈಬ್ರರಿ ಸುಲಭವಾಗಿ ಕೂರ್ತಿತ್ತು. ಮಿಕ್ಕ ಶೇಕಡಾದವರು ಯಾರು ಅಂತ ಯಾರೂ ಕೇಳಲಿಲ್ಲ. ಕಾರ್ಯಕ್ರಮದ ದಿನ ಗೊತ್ತಾಯ್ತು. ಮೊದಲ ವರ್ಷದ ಒಬ್ಬ ಹುಡುಗ ಊಟದ ಸಾಲಿನಲ್ಲಿ ಪಕ್ಕಕ್ಕೆ ನಿಂತಿದ್ದ. ಅವನ ಅಣ್ಣ ಬಳಸಿ ಕೊಟ್ಟ ಹಳೆ ಫೋನ್‌ನಲ್ಲಿ ಆ್ಯಪ್ ಇಳೀಲಿಲ್ಲ. ಕೊನೆಗೆ ಯಾರೋ ಚೀಟಿ ಬರೆದು ಕೊಟ್ರು, ಊಟ ಆಯ್ತು. ಆದ್ರೆ ಅವನು ಆಮೇಲೆ ಸಂಘದ ಕಡೆ ತಲೆ ಹಾಕಲಿಲ್ಲ. ಮೆಸ್‌ನಲ್ಲಿ ಆ ರಾತ್ರಿ ಆ್ಯಪ್ ಕಂಪನಿಯನ್ನ ಬೈತಾ ಇದ್ದವರಲ್ಲಿ ಈ ಸಂಖ್ಯೆ ಆರಿಸಿದವರೂ ಇದ್ರು.

ಹಾಗಾಗಿ ನಾವು ಕೇಳ್ತಿರೋದು ಎಲ್ಲ ಕಂಪನಿಗಳೂ ವಿಂಡೋಸ್ 7ನ್ನ ಸಾಯೋವರೆಗೂ ಸಾಕಿ ಅಂತಲ್ಲ. ಪ್ರತಿ ಹಳೆ ಆವೃತ್ತಿಗೂ ಪರೀಕ್ಷೆ ಮಾಡಬೇಕು, ಅದಕ್ಕೆ ಜನ ಬೇಕು, ದುಡ್ಡು ಬೇಕು, ಗೊತ್ತು. ಕೇಳ್ತಿರೋದು ಚಿಕ್ಕದು. ಮೊದಲನೇದಾಗಿ, ಮುಂಚೆ ಹೇಳಿ. ಮೂರು ತಿಂಗಳು ಮುಂಚೆ, ಪ್ರತಿ ಕಾಲ್ ಮುಗಿದಾಗ, ಆ ಕಂಪ್ಯೂಟರ್ ಮುಂದೆ ಕೂತವರಿಗೆ ಅರ್ಥವಾಗೋ ಕನ್ನಡದಲ್ಲಿ. "ಈ ಕಂಪ್ಯೂಟರ್‌ನಲ್ಲಿ ಮಾರ್ಚ್ ಆದ ಮೇಲೆ ಕಾಲ್ ಬರಲ್ಲ" ಅಂತ ಒಂದು ಸಾಲು. ಕಾಲ್ ಸೇರೋ ಹೊತ್ತಿಗೆ ಇಂಗ್ಲಿಷ್‌ನಲ್ಲಿ ಬಾಗಿಲು ಮುಚ್ಚೋದು ಸೂಚನೆ ಅಲ್ಲ. ಆಮೇಲೆ, ಪೂರ್ತಿ ಬಾಗಿಲು ಹಾಕೋ ಮುಂಚೆ ಕಿಟಕಿ ಬಿಡಿ. ವಿಡಿಯೋ ಆಗದಿದ್ರೆ ಬರೀ ಧ್ವನಿ. ಅದೂ ಆಗದಿದ್ರೆ ಸಾಮಾನ್ಯ ಫೋನಿಂದ ಸೇರೋ ನಂಬರ್. ದೊಡ್ಡ ಸಂಸ್ಥೆಗಳ ಮೀಟಿಂಗ್‌ಗೆ ಇದೆಲ್ಲ ಈಗಾಗಲೇ ಇದೆ, ಉಚಿತವಾಗಿ ಬಳಸೋವ್ರಿಗೆ ಇಲ್ಲ ಅಷ್ಟೆ.

ಮತ್ತೆ ಮಾನಕಗಳ ಮಾತು. ಬ್ರೌಸರ್‌ನಿಂದಲೇ ವಿಡಿಯೋ ಕಾಲ್ ಮಾಡೋ ವೆಬ್‌ಆರ್‌ಟಿಸಿ 2021ರ ಜನವರಿಯಲ್ಲೇ ಅಧಿಕೃತ ಮಾನಕ ಆಯ್ತು. ಅಂದ್ರೆ ಯಾವ ಬ್ರೌಸರ್‌ಗೆ ಈ ಭಾಷೆ ಬರುತ್ತೋ ಅದು ಸೇರಬಹುದು ಅನ್ನೋದು ಆಶಯ. ಆದ್ರೆ ಎಷ್ಟೋ ತಾಣಗಳು ನಿಮಗೆ ಭಾಷೆ ಬರುತ್ತಾ ಅಂತ ಕೇಳಲ್ಲ, ನಿಮ್ಮ ಹೆಸರೇನು, ಆವೃತ್ತಿ ಎಷ್ಟು ಅಂತ ಕೇಳಿ ವಾಪಸ್ ಕಳಿಸ್ತಾವೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಯುರೋಪಿನ ಡಿಜಿಟಲ್ ಮಾರ್ಕೆಟ್ಸ್ ಕಾನೂನು ದೊಡ್ಡ ಸಂದೇಶ ಸೇವೆಗಳು ಬೇರೆ ಸೇವೆಗಳ ಜೊತೆ ಬೆರೀಬೇಕು ಅಂತ ಕಡ್ಡಾಯ ಮಾಡಿದೆ, ವಿಡಿಯೋ ಕಾಲ್‌ಗೆ ನಾಲ್ಕು ವರ್ಷದ ಗಡುವು ಕೊಟ್ಟಿದೆ. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೀತು. ಒಳ್ಳೇದು. ಆದ್ರೆ ಯಂತ್ರ ರಿಪೇರಿ ಆಗಿದೆ, ಒಳಗಿನ ತಂತ್ರಾಂಶ ಮಾತಾಡಲ್ಲ ಅಂತಿದೆ ಅಂದ್ರೆ ಯಾವ ಸ್ಕ್ರೂ ಬಿಚ್ಚೋದು?

ಇದೆಲ್ಲ ಆಗದ ಮಾತು ಅಂತ ಯಾರಾದ್ರೂ ಅಂದ್ರೆ, ನಾವು ಕಿತ್ತೂರಿನ ಕಡೆ ಕೈ ತೋರಿಸ್ತೀವಿ. ಚೆನ್ನಮ್ಮನ ಕಿತ್ತೂರೇ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆ ಅಂತ ರೂಪಿಸಿದ 128 ಪೋರ್ಟ್‌ಗಳ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಕೆಲಸಕ್ಕೆ ಇಳಿದಿದ್ದು 1986ರಲ್ಲಿ ಅಲ್ಲೇ. ಆ ಕಾಲಕ್ಕೆ ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಎಸಿ ಕೋಣೆ ಬೇಕಿತ್ತು, ಧೂಳು ಆಗ್ತಿರಲಿಲ್ಲ. ಸಿ-ಡಾಟ್‌ನ ಇಂಜಿನಿಯರ್‌ಗಳು ನಮ್ಮ ಹಳ್ಳಿಯಲ್ಲಿ ಎಸಿ ಇಲ್ಲ, ಧೂಳಿದೆ, ಬಿಸಿಲಿದೆ ಅಂತ ಮೊದಲೇ ಒಪ್ಪಿಕೊಂಡು ವಿನ್ಯಾಸ ಮಾಡಿದ್ರು. ಹಳ್ಳಿಯವರಿಗೆ ಮೊದಲು ಎಸಿ ಹಾಕಿಸಿಕೊಂಡು ಬನ್ನಿ ಅನ್ನಲಿಲ್ಲ. ಮೇಡಂಗೆ ವಿಂಡೋಸ್ ಹಾಕಿಸಿ ಅಂದ ನಾವು ಅಂದಿದ್ದು ಮಾತ್ರ ಅದನ್ನೇ. ಅಷ್ಟೇ ಅಲ್ಲ, ಬೆರಳಿಟ್ಟು ತಿರುಗಿಸೋ ಡಯಲ್ ಫೋನ್‌ಗಳು ಬಟನ್ ಫೋನ್ ಬಂದು ಎಷ್ಟೋ ವರ್ಷ ಆದಮೇಲೂ ಅದೇ ತಂತಿಯಲ್ಲಿ ಕೆಲಸ ಮಾಡ್ತಿದ್ವು. ಕರೆ ಮಾಡಿದವನ ಫೋನ್ ಯಾವ ಕಾಲದ್ದು ಅಂತ ಕೇಳೋ ಪದ್ಧತಿ ಇರಲಿಲ್ಲ.

ಡಿಸೆಂಬರ್‌ನ ಎರಡನೇ ಶನಿವಾರ ನಾವು ನಾಲ್ಕು ಜನ ಬಸ್ ಹತ್ತಿದ್ವಿ, ಜೇಬಲ್ಲಿ ಮೂರು ಪೆನ್‌ಡ್ರೈವ್. ಮೊದಲು ಚೆನ್ನಾಗಿದ್ದ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದ್ವಿ. ವಿಂಡೋಸ್ ತೆಗೀಲಿಲ್ಲ, ಪಕ್ಕದಲ್ಲೇ ಬಿಟ್ವಿ, ಯಾಕಂದ್ರೆ ಗುಮಾಸ್ತರ ಹಳೆ ಕಡತಗಳೆಲ್ಲ ನುಡಿಯಲ್ಲಿವೆ. ಅದನ್ನ ಮುಟ್ಟಿದ್ರೆ ನಮಗೆ ಚಹಾ ಸಿಗ್ತಿರಲಿಲ್ಲ. ವಿಂಡೋಸ್ ಕಡೆ ನೆಟ್ ಮಾತ್ರ ಬಂದ್ ಮಾಡಿದ್ವಿ. ಲಿನಕ್ಸ್‌ನಲ್ಲಿ ಕನ್ನಡ ಬರೆಯೋಕೆ ಕಗಪ ವಿನ್ಯಾಸ ಇರೋದ್ರಿಂದ ಮೇಡಂ ಎರಡೇ ನಿಮಿಷಕ್ಕೆ ತಮ್ಮ ಹೆಸರು ಬರೆದು ನೋಡಿದ್ರು. ವೆಬ್‌ಕ್ಯಾಮ್ ಬಗ್ಗೆ ಭಯ ಇತ್ತು, ಚುಚ್ಚಿದ ಕೂಡಲೇ ಬೆಳಕು ಬಂತು. ಯುಎಸ್‌ಬಿ ಕ್ಯಾಮೆರಾಗಳಿಗೆ ಒಂದು ಸಾಮಾನ್ಯ ಮಾನಕ ಇದೆ, ಅದನ್ನ ಪಾಲಿಸಿದ ಕ್ಯಾಮೆರಾಕ್ಕೆ ಪ್ರತ್ಯೇಕ ಡ್ರೈವರ್ ಬೇಕಿಲ್ಲ. ಮಾನಕ ಅಂದ್ರೆ ಏನು ಪ್ರಯೋಜನ ಅಂತ ಮೂರನೇ ಸೆಮಿಸ್ಟರ್‌ನಲ್ಲಿ ನಿದ್ದೆ ಮಾಡಿದ್ದ ನಮಗೆ ಆ ಸಣ್ಣ ಬೆಳಕು ಪಾಠ ಮಾಡ್ತು.

ಎಲ್ಲ ಹೀಗೇ ಸಲೀಸಾಗಿ ಆಗಲಿಲ್ಲ. ಎರಡನೇ ಯಂತ್ರ ಪೆಂಟಿಯಂ 4, 32 ಬಿಟ್. ಉಬುಂಟು ಅಂಥವು 32 ಬಿಟ್ ಬಿಟ್ಟು ವರ್ಷಗಳಾದ್ವು. ಡೆಬಿಯನ್ 12 ಸಿಗುತ್ತೆ, 2025ರ ಆಗಸ್ಟ್‌ನಲ್ಲಿ ಬಂದ 13ರಲ್ಲಿ ಆ ಇನ್‌ಸ್ಟಾಲರ್ ಕೂಡ ಇಲ್ಲ. ಅಂದ್ರೆ ಕೈಬಿಡೋ ಚಾಳಿ ಬರೀ ಕಂಪನಿಗಳದ್ದಲ್ಲ, ಉಚಿತ ತಂತ್ರಾಂಶದವರಿಗೂ ಜನ ಸಾಲಲ್ಲ. ಹಾಕಿದ್ವಿ. ವಿಡಿಯೋ ಅದರಲ್ಲಿ ನಡೀಲಿಲ್ಲ, ನಡೆಯೋ ಆಸೆಯೂ ಬೇಡ. ಧ್ವನಿ ಮಾತ್ರ ಬಂತು. ಅದನ್ನ ಈಗ ಕನ್ನಡ ಟೈಪಿಂಗ್ ಕಲಿಯೋಕೆ ಇಟ್ಟಿದ್ದಾರೆ.

ಕೆಟ್ಟಿದೆ ಅಂತ ಮೂಲೆಗೆ ತಳ್ಳಿದ್ದ ಮೂರನೇದರದ್ದು ತಮಾಷೆ. ಆನ್ ಆಗುತ್ತೆ, ನೆಟ್ ಇದೆ, ಆದ್ರೆ ಯಾವ ತಾಣವೂ ತೆರೆಯಲ್ಲ, ಎಲ್ಲದಕ್ಕೂ ಸುರಕ್ಷಿತವಲ್ಲ ಅಂತ ಎಚ್ಚರಿಕೆ. ಅರ್ಧ ಗಂಟೆ ತಲೆ ಕೆರ್ಕೊಂಡ್ವಿ. ಆಮೇಲೆ ಒಬ್ಬ ಮೂಲೆಯ ಗಡಿಯಾರ ನೋಡಿದ. ಅದರ ಪ್ರಕಾರ ಅದು 2009. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಸತ್ತಿತ್ತು. ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರ್ 2009ಕ್ಕೆ ಹೋಗ್ತಿತ್ತು, ಇವತ್ತಿನ ಪ್ರಮಾಣಪತ್ರಗಳನ್ನ ನೋಡಿ "ಇವು ಇನ್ನೂ ಹುಟ್ಟೇ ಇಲ್ಲ" ಅಂತ ನಂಬದೇ ಕೂತಿತ್ತು. ಊರಿನ ವಾಚ್ ಅಂಗಡಿಯಲ್ಲಿ ಸೆಲ್ ಸಿಕ್ತು. ಕೆಟ್ಟಿದೆ ಅಂತ ಎರಡು ವರ್ಷ ಮುಚ್ಚಿಟ್ಟಿದ್ದ ಯಂತ್ರ ಮೂವತ್ತೋ ನಲವತ್ತೋ ರೂಪಾಯಿಗೆ ಎದ್ದು ಕೂತಿತು.

ಈಗ ಶನಿವಾರದ ಪಾಠ ಬ್ರೌಸರ್‌ನಲ್ಲೇ, ಜಿಟ್ಸಿ ಮೀಟ್ ಅನ್ನೋ ಮುಕ್ತ ತಂತ್ರಾಂಶದಲ್ಲಿ ನಡೀತಿದೆ. ಗುಣಮಟ್ಟ 360ಕ್ಕೆ ಇಳಿಸ್ತೀವಿ, ನಮ್ಮ ಕಡೆ ಒಂದೇ ಕ್ಯಾಮೆರಾ, ಮಿಕ್ಕವರು ಬರೀ ಧ್ವನಿ. ನಡುನಡುವೆ ಚಿತ್ರ ನಿಂತು ನಮ್ಮಲ್ಲೊಬ್ಬ ಬಾಯಿ ತೆರೆದುಕೊಂಡೇ ಕೂತಿರ್ತಾನೆ, ಮಕ್ಕಳಿಗೆ ಅದೇ ಖುಷಿ.

ಆದ್ರೆ ಇದನ್ನ ಗೆದ್ದ ಕಥೆ ಅಂತ ಹೇಳೋಕೆ ಆಗಲ್ಲ. ಎಲ್ಲ ಶಾಲೆಗೂ ನಾಲ್ಕು ಜನ ಬಸ್ ಹತ್ತಿ ಹೋಗಲ್ಲ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳಿಗೆ ಸರ್ಕಾರದ ಸಂಸ್ಥೆಯೇ ಲಿನಕ್ಸ್ ಸಿದ್ಧಮಾಡಿ ಕೊಡುತ್ತೆ, ಶಿಕ್ಷಕರಿಗೆ ತರಬೇತಿಯೂ ಕೊಡುತ್ತೆ. ಅಲ್ಲಿ ಹೀಗೆ ಒಬ್ಬ ಮೇಡಂ ಹಳೆ ವಿದ್ಯಾರ್ಥಿಗೆ ಫೋನ್ ಮಾಡಿ ಕಾಯಬೇಕಾಗಿಲ್ಲ. ನಮ್ಮಲ್ಲಿ ಯಾಕಾಗಿಲ್ಲ ಅನ್ನೋದು ಬೇರೆ ಲೇಖನವೇ ಆಗುತ್ತೆ.

ಅಲೆ ಈಗ ನಮ್ಮ ಬಾಗಿಲಿಗೂ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯದ್ದು ಬೇಕು. ಕೆನಾಲಿಸ್ ಅನ್ನೋ ಸಂಶೋಧನಾ ಸಂಸ್ಥೆ 2023ರ ಕೊನೆಯಲ್ಲೇ ಅಂದಾಜು ಮಾಡಿತ್ತು, ಜಗತ್ತಿನಲ್ಲಿ 24 ಕೋಟಿ ಕಂಪ್ಯೂಟರ್ ಈ ಕಾರಣಕ್ಕೆ ಕಸವಾಗಬಹುದು ಅಂತ. ಮನೆ ಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತೆ ಇದೆ: ಯುರೋಪಿನವರಿಗೆ ಪುಕ್ಕಟೆ, ನಮಗೆ ದುಡ್ಡು ಕೊಟ್ರೆ ಅಥವಾ ನಮ್ಮ ಸೆಟ್ಟಿಂಗ್ ಅವರ ಖಾತೆಗೆ ಸೇರಿಸಿದ್ರೆ. ಯುರೋಪಿನಲ್ಲಿ ಗ್ರಾಹಕ ಸಂಘಟನೆಗಳು ಗಲಾಟೆ ಮಾಡಿದ್ವು, ಇಲ್ಲಿ ಯಾರೂ ಮಾಡಲಿಲ್ಲ. ಕ್ರೋಮಿಯಂ ಯಾವತ್ತು ವಿಂಡೋಸ್ 10 ಬಿಡುತ್ತೋ ಅವತ್ತು ಬಾವಿಯ ಹಗ್ಗದ ಕಥೆ ಮತ್ತೆ ಮೊದಲಿಂದ.

ನಮ್ಮ ಕಾಲೇಜಿನ ಎರಡು ಲ್ಯಾಬ್‌ಗಳಲ್ಲಿ ಆರನೇ ಪೀಳಿಗೆಯ ಯಂತ್ರಗಳಿವೆ. ಇವುಗಳನ್ನ ಬದಲಾಯಿಸೋ ಮಾತು ನಡೀತಿದೆ ಅಂತ ಕೇಳಿದ್ದೀವಿ. ಹಿಂದಿನ ಸಲ ಹಳೇವು ತೂಕದ ಲೆಕ್ಕದಲ್ಲಿ ಹರಾಜಾದ್ವು. ಈ ಸಲ ಹಾಗೆ ಆಗಬಾರದು ಅಂತ ಸಂಘದಿಂದ ಒಂದು ಮನವಿ ಬರೆದಿದ್ದೀವಿ: ಕಾಲೇಜು ಕೊಡಲಿ, ನಾವು ಲಿನಕ್ಸ್ ಹಾಕಿ ಶಾಲೆಗಳಿಗೆ ತಲುಪಿಸ್ತೀವಿ, ಒಂದು ವರ್ಷ ನೋಡಿಕೊಳ್ತೀವಿ. ಸಹಿ ಹಾಕೋರು ಸಂಘದ ಕೋಣೆಗೆ ಬನ್ನಿ, ಸಂಜೆ ಐದರ ಮೇಲೆ ಯಾರಾದ್ರೂ ಇರ್ತೀವಿ.

ಮಾರ್ಚ್‌ನಲ್ಲಿ ಆ ಮಕ್ಕಳಿಗೆ ಪರೀಕ್ಷೆ. ಅದಕ್ಕೆ ಮುಂಚೆ ಇನ್ನೊಂದು ಸಲ ಹೋಗ್ತೀವಿ. ಮಿಕ್ಕ ಎರಡು ಯಂತ್ರದಲ್ಲಿ ಒಂದಕ್ಕೆ ಎಸ್‌ಎಂಪಿಎಸ್ ಹೋಗಿದೆ, ಇನ್ನೊಂದಕ್ಕೆ ರ‍್ಯಾಮ್ ಇಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆ ಡಿಡಿಆರ್2 ರ‍್ಯಾಮ್ ಬಿದ್ದಿದ್ರೆ, 1 ಜಿಬಿಯದಾದ್ರೂ ಪರವಾಗಿಲ್ಲ, ತಂದುಕೊಡಿ. ಇನ್ನೊಂದು ದೊಡ್ಡ ಮಾನಿಟರ್ ಇದ್ರಂತೂ ಒಳ್ಳೇದು. ಆ ಕೋನ ಎಲ್ಲಿ ಬರುತ್ತೆ ಅಂತ ಕೇಳಿದ ಹುಡುಗಿ ಈಗಲೂ ಹಿಂದಿನ ಸಾಲಲ್ಲೇ ಕೂರ್ತಾಳೆ.